ಮಗಳಿಗೆ ಜ್ವರ, ನನಗೆ ವರ್ಕ್ ಫ್ರಮ್ ಹೋಮ್: ನೀವೆಲ್ಲ ಹೇಗೆ ನಿಭಾಯಿಸ್ತೀರಿ?

ಪುಟ್ಟಿಯ ಅಪ್ಪ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಈಗ ಒಂದು ವರ್ಷ ಎಂಟು ತಿಂಗಳು. ನಿನ್ನೆ ಮಧ್ಯಾಹ್ನ ಡೇಕೇರ್‌ನಿಂದ ಫೋನ್ ಬಂತು, ಮಗು ಮೈ ಬಿಸಿಯಾಗಿದೆ, ಬಂದು ಕರ್ಕೊಂಡು ಹೋಗಿ ಅಂತ. ಸಂಜೆಯೇ ಡಾಕ್ಟರಿಗೆ ತೋರಿಸಿದ್ವಿ. ಗಂಟಲು ಕೆಂಪಾಗಿದೆ, ಕಿವಿ ಮತ್ತು ಎದೆ ಚೆನ್ನಾಗಿವೆ, ವೈರಲ್ ಜ್ವರ, ಎರಡು ಮೂರು ದಿನದಲ್ಲಿ ಇಳಿಯುತ್ತೆ ಅಂದ್ರು. ಪ್ಯಾರಾಸಿಟಮಾಲ್ ಸಿರಪ್ ಬರೆದುಕೊಟ್ಟಿದ್ದಾರೆ. ಅಲ್ಲಿಗೆ ಆ ಚಿಂತೆ ಸ್ವಲ್ಪ ಕಡಿಮೆಯಾಯ್ತು.

ನಾನು ಕೇಳಬೇಕಾಗಿರೋದು ಕೆಲಸದ ಬಗ್ಗೆ. ನಾನು ಲೆಕ್ಕಪತ್ರ ವಿಭಾಗದಲ್ಲಿದ್ದೀನಿ, ಪೂರ್ತಿ ಕೆಲಸ ಮನೆಯಿಂದಲೇ. ಹೆಂಡತಿ ಲ್ಯಾಬ್‌ನಲ್ಲಿದ್ದಾಳೆ, ಅವಳ ಕೆಲಸ ಮನೆಗೆ ತರೋ ಅಂಥದ್ದಲ್ಲ. ಹಾಗಾಗಿ ಮಗುಗೆ ಹುಷಾರು ತಪ್ಪಿದಾಗಲೆಲ್ಲ ಜವಾಬ್ದಾರಿ ತಾನಾಗಿಯೇ ನನ್ನ ಕಡೆಗೆ ಬರುತ್ತೆ. ಮಗಳನ್ನು ನೋಡ್ಕೊಳ್ಳೋದಕ್ಕೆ ನನಗೆ ಯಾವ ಬೇಸರವೂ ಇಲ್ಲ. ಬೇಸರ ಇರೋದು "ಹೇಗೂ ಮನೆಯಲ್ಲೇ ಇದ್ದೀಯಲ್ಲ" ಅನ್ನೋ ಮಾತಿಗೆ. ಆಫೀಸಿನವರೂ ಅದನ್ನೇ ಹೇಳ್ತಾರೆ, ನೆಂಟರೂ ಅದನ್ನೇ ಹೇಳ್ತಾರೆ. ಮನೆಯಲ್ಲಿದ್ದೀನಿ, ನಿಜ. ಆದರೆ ಆ ಹೊತ್ತಿನಲ್ಲಿ ನಾನು ಡ್ಯೂಟಿಯಲ್ಲಿದ್ದೀನಿ.

ಬೆಳಿಗ್ಗೆಯಿಂದ ಅವಳು ಮಡಿಲಿಂದ ಇಳಿದೇ ಇಲ್ಲ. ತಲೆಯನ್ನ ನನ್ನ ಕತ್ತಿಗೆ ಒತ್ತಿಕೊಂಡು ಮಲಗಿರ್ತಾಳೆ, ಮೂಗಿಂದ ಇಳಿದಿದ್ದೆಲ್ಲ ನನ್ನ ಅಂಗಿಗೆ. ಕೆಳಗಿಳಿಸೋಕೆ ನೋಡಿದ್ರೆ ಎರಡೂ ಮುಷ್ಟಿಯಲ್ಲಿ ಕಾಲರ್ ಹಿಡ್ಕೊಂಡು ರಚ್ಚೆ ಶುರು. ಎಡಗೈ ಅವಳ ಬೆನ್ನ ಮೇಲೆ, ಬಲಗೈಯಲ್ಲಿ ಟೈಪಿಂಗ್. ಇದು ತಿಂಗಳ ಕೊನೆ, ಲೆಕ್ಕ ಮುಗಿಸಬೇಕು, ಒಂದು ಅಂಕಿಗೆ ಇನ್ನೊಂದು ಅಂಕಿ ತಾಳೆ ನೋಡಬೇಕು. ಒಂದು ಸಾಲು ನೋಡಿ ಮುಗಿಸೋ ಅಷ್ಟರಲ್ಲಿ ಅವಳ ಕಾಲು ಕೀಬೋರ್ಡಿಗೆ ತಾಗಿ ಬಾಕ್ಸ್ ತುಂಬ ಸೊನ್ನೆ. ಹತ್ತೂವರೆ ಕಾಲ್‌ನಲ್ಲಿ ಅವಳ ಕೆಮ್ಮು ಕೇಳಿ ಒಬ್ಬರು "ಮ್ಯೂಟ್ ಮಾಡ್ಕೊಳ್ಳಿ" ಅಂದ್ರು. ಮ್ಯೂಟ್ ಮಾಡ್ಕೊಂಡೆ. ಆದರೆ ಮುಂದಿನ ವಿಷಯ ನಾನೇ ಹೇಳಬೇಕಿತ್ತು!

ರಜೆ ಪೂರ್ತಿ ಹಾಕ್ಬೇಕಾ, ಅರ್ಧ ದಿನ ಹಾಕ್ಬೇಕಾ, ಇಲ್ಲ ಹೀಗೇ ತಳ್ಳೋದಾ? ಮ್ಯಾನೇಜರ್‌ಗೆ ಯಾವ ರೀತಿ ಹೇಳಿದ್ರೆ ಅರ್ಥ ಆಗುತ್ತೆ? ಮತ್ತೆ, ಕಾಲ್ ಇದ್ದಾಗ ಕಾರ್ಟೂನ್ ಹಾಕಿ ಕೂರಿಸೋದರ ಬಗ್ಗೆ ಏನಂತೀರಿ? ಇಲ್ಲಿವರೆಗೆ ಅವಳಿಗೆ ಮೊಬೈಲ್ ತೋರಿಸಿಲ್ಲ.

ಅವಳಿಗಳ ಅಮ್ಮ

ಅಣ್ಣ, ಮೊದಲು ಮಗು ಬೇಗ ಹುಷಾರಾಗ್ಲಿ.

ನನ್ನ ಮನೆಯಲ್ಲಿ ಒಬ್ಬನಿಗೆ ಬಂದ್ರೆ ಎರಡು ದಿನಕ್ಕೆ ಇನ್ನೊಬ್ಬನಿಗೂ ಬರುತ್ತೆ, ಹಾಗಾಗಿ ಇದು ನನಗೆ ಹೊಸದಲ್ಲ. ನಾನು ಮಾಡೋದು ಇಷ್ಟು. ಕೆಲಸವನ್ನ ಎರಡು ಭಾಗ ಮಾಡ್ತೀನಿ, ತಲೆ ಬೇಕಾಗಿದ್ದು ಒಂದು ಕಡೆ, ಬರೀ ಕೈ ಸಾಕಾಗೋದು ಇನ್ನೊಂದು ಕಡೆ. ಮಗು ಮೈಮೇಲೆ ಇದ್ದಾಗ ಕೈ ಕೆಲಸ: ಮೇಲ್ ಓದೋದು, ಚಿಕ್ಕ ಉತ್ತರ ಫೋನಿನಲ್ಲಿ ಮಾತಾಡಿ ಟೈಪ್ ಮಾಡಿಸೋದು, ಫೈಲ್ ಜೋಡಿಸೋದು. ನಿದ್ದೆ ಹೋದ ತಕ್ಷಣ ತಲೆ ಕೆಲಸ, ಬೇರೇನೂ ಇಲ್ಲ. ಪಾತ್ರೆ, ಬಟ್ಟೆ, ಮೇಲ್ ಯಾವುದಕ್ಕೂ ಆ ಹೊತ್ತು ಕೊಡಬೇಡಿ. ಹುಷಾರಿಲ್ಲದ ಮಗು ಹಗಲಲ್ಲಿ ಜಾಸ್ತಿ ಮಲಗುತ್ತೆ, ಆದರೆ ತುಂಡು ತುಂಡಾಗಿ. ಎಲ್ಲಿ ನಿಲ್ಲಿಸಿದ್ರಿ ಅಂತ ಒಂದು ಸಾಲು ಬರೆದಿಟ್ಟು ಏಳಿ, ಇಲ್ಲದಿದ್ರೆ ವಾಪಸ್ ಬಂದಾಗ ಮೊದಲಿಂದ ಶುರು ಮಾಡ್ಬೇಕಾಗುತ್ತೆ.

ಬೇಬಿ ಕ್ಯಾರಿಯರ್ ಇದ್ರೆ ಹೊರಗೆ ತೆಗೀರಿ. ಎದೆಗೆ ಕಟ್ಟಿಕೊಂಡು ಎತ್ತರದ ಕಟ್ಟೆ ಮೇಲೆ ಲ್ಯಾಪ್‌ಟಾಪ್ ಇಟ್ಟು ನಿಂತೇ ಕೆಲಸ ಮಾಡಿದ್ರೆ ಎರಡೂ ಕೈ ಖಾಲಿ ಸಿಗುತ್ತೆ. ಆದರೆ ಮೈ ಸುಡ್ತಿರೋವಾಗ ಬೇಡ, ಮೈಗೆ ಮೈ ತಾಗಿ ಸೆಕೆ ಇನ್ನೂ ಹೆಚ್ಚುತ್ತೆ.

ಇನ್ನೊಂದು ಮಾತು. ಸಿರಪ್ ಕೊಟ್ಟು ಮುಕ್ಕಾಲು, ಒಂದು ಗಂಟೆ ಆದ್ಮೇಲೆ ಮಕ್ಕಳು ಸ್ವಲ್ಪ ಗೆಲುವಾಗ್ತಾರೆ, ಆಟಕ್ಕೂ ಇಳೀತಾರೆ. ಮುಖ್ಯವಾದ ಕಾಲ್ ಇದ್ರೆ ಅದಕ್ಕೆ ಸರಿಯಾಗಿ ಔಷಧಿ ಟೈಮ್ ನೋಡ್ಕೊಳ್ಳಿ.

ಮಕ್ಕಳ ವಾರ್ಡ್ ಸಿಸ್ಟರ್

ಮೇಲಿನವರು ಹೇಳಿದ ಕೊನೆಯ ಮಾತೊಂದನ್ನು ಬಿಟ್ಟು ಉಳಿದಿದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ. ಔಷಧಿಯ ಹೊತ್ತನ್ನು ಮೀಟಿಂಗ್ ನಿರ್ಧರಿಸಬಾರದು, ಮಗು ನಿರ್ಧರಿಸಬೇಕು. ಮಗುವಿಗೆ ಕಷ್ಟವಾಗುತ್ತಿದ್ದರೆ, ಕಿರಿಕಿರಿ ಮಾಡುತ್ತಿದ್ದರೆ, ನೀರು ಕುಡಿಯದಿದ್ದರೆ ಆಗ ಕೊಡಿ. ಕಾಲ್ ಹನ್ನೊಂದಕ್ಕಿದೆ ಅಂತ ಅಂತರ ಕಡಿಮೆ ಮಾಡುವುದು ಬೇಡವೇ ಬೇಡ.

ಪ್ಯಾರಾಸಿಟಮಾಲ್ ಪ್ರಮಾಣ ಮಗುವಿನ ತೂಕದ ಮೇಲೆ, ವಯಸ್ಸಿನ ಮೇಲಲ್ಲ. ಸಾಮಾನ್ಯವಾಗಿ ಒಂದು ಸಲಕ್ಕೆ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ, ಎರಡು ಡೋಸ್ ನಡುವೆ 4ರಿಂದ 6 ಗಂಟೆ, 24 ಗಂಟೆಯಲ್ಲಿ 4 ಸಲ ಮೀರಬಾರದು. ಬಾಟಲಿಯ ಮೇಲಿರುವುದನ್ನು ಓದಿ. 5 ಎಂಎಲ್‌ನಲ್ಲಿ 120 ಮಿಲಿಗ್ರಾಂ ಇರುವ ಸಿರಪ್ ಇದೆ, ಅದೇ 5 ಎಂಎಲ್‌ನಲ್ಲಿ 250 ಇರುವುದೂ ಇದೆ. ಮನೆಯಲ್ಲಿ ಹಳೆಯ ಬಾಟಲಿ ಉಳಿದಿದ್ದರೆ "5 ಎಂಎಲ್ ತಾನೇ" ಅಂತ ಕೊಟ್ಟರೆ ಎರಡರಷ್ಟು ಹೋಗಿಬಿಡುತ್ತದೆ. ಡಾಕ್ಟರ್ ಬರೆದುಕೊಟ್ಟ ಬಾಟಲಿ, ಅದರ ಜೊತೆ ಬರುವ ಅಳತೆ ಸಿರಿಂಜ್, ಇವೆರಡೇ. ಅಡುಗೆಮನೆ ಚಮಚ ಬೇಡ. ಆಸ್ಪಿರಿನ್ ಅಂತೂ ಮಕ್ಕಳಿಗೆ ಮುಟ್ಟಿಸಲೇಬೇಡಿ. ನೆಗಡಿ ಕೆಮ್ಮಿನ ಸಿರಪ್‌ಗಳನ್ನೂ ಈ ವಯಸ್ಸಿಗೆ ನೀವಾಗಿ ತಂದು ಕೊಡಬಾರದು. ಕೆಲವದರಲ್ಲಿ ಪ್ಯಾರಾಸಿಟಮಾಲ್ ಕೂಡ ಸೇರಿರುತ್ತದೆ, ಗೊತ್ತಿಲ್ಲದೆ ಎರಡು ಕಡೆಯಿಂದ ಒಂದೇ ಔಷಧಿ ಹೋಗುತ್ತದೆ.

ಕೆಲಸ ಮಾಡುತ್ತಾ ಮಗುವನ್ನು ನೋಡಿಕೊಳ್ಳುವವರಿಗೆ ನಾನು ಹೇಳುವ ಮುಖ್ಯ ವಿಷಯ ಇದು: ಥರ್ಮಾಮೀಟರ್ ಅಂಕಿಯ ಹಿಂದೆಯೇ ಬೀಳಬೇಡಿ. 100.4 ಫ್ಯಾರನ್‌ಹೀಟ್ ದಾಟಿದರೆ ಜ್ವರ, ಅಷ್ಟು ಸರಿ. ಆದರೆ 102 ಇದ್ದರೂ ಕುಡಿಯುತ್ತಾ, ಮಧ್ಯೆ ಮಧ್ಯೆ ಆಡುತ್ತಾ ಇರುವ ಮಗುವಿಗಿಂತ, 100 ಇದ್ದು ಕಣ್ಣು ತೆರೆಯದೆ ಮಂಕಾಗಿ ಬಿದ್ದಿರುವ ಮಗುವನ್ನು ನೋಡಿದರೆ ನನಗೆ ಭಯ. ನೋಡಬೇಕಾಗಿರುವುದು ಕುಡಿಯುತ್ತಿದೆಯಾ, ಉಚ್ಚೆ ಹೋಗುತ್ತಿದೆಯಾ, ಉಸಿರು ಹೇಗಿದೆ ಅಂತ. ಡಯಾಪರ್ 8 ಗಂಟೆ ಒಣಗಿದ್ದರೆ, ಅಳುವಾಗ ಕಣ್ಣೀರು ಬರದಿದ್ದರೆ, ಬಾಯಿ ಒಣಗಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಅಂತ ಅರ್ಥ. ಉಸಿರನ್ನು ಮಗು ಮಲಗಿರುವಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಒಂದರಿಂದ ಐದು ವರ್ಷದ ಮಕ್ಕಳಲ್ಲಿ ನಿಮಿಷಕ್ಕೆ 40 ಅಥವಾ ಮೇಲೆ ಇದ್ದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ವೇಗದ ಉಸಿರು ಅನ್ನುತ್ತದೆ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ ಎಣಿಸುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಇದನ್ನೂ ತಿಳಿದಿರಲಿ, ಹೆದರಿಸಲು ಹೇಳುತ್ತಿಲ್ಲ. ಆರು ತಿಂಗಳಿಂದ ಐದು ವರ್ಷದೊಳಗಿನ ನೂರರಲ್ಲಿ 2ರಿಂದ 5 ಮಕ್ಕಳಿಗೆ ಜ್ವರದ ಜೊತೆ ಫಿಟ್ಸ್ ಬರಬಹುದು. ಬಂದರೆ ಮಗುವನ್ನು ನೆಲದ ಮೇಲೆ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ತಕ್ಷಣ ಆಂಬ್ಯುಲೆನ್ಸ್. ಬೇಗ ನಿಂತರೂ, ಮೊದಲ ಸಲ ಆಗಿದ್ದರೆ ಅವತ್ತೇ ಡಾಕ್ಟರಿಗೆ ತೋರಿಸಿ.

ಮತ್ತೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸುವವರು ಇದ್ದಾರೆ. ದಯವಿಟ್ಟು ಒಂದು ಕಿವಿ ಖಾಲಿ ಬಿಡಿ, ಕಣ್ಣಿಗೆ ಕಾಣುವ ಹಾಗೆ ಮಲಗಿಸಿ.

ಟೀಮ್ ನಡೆಸುವವ

ನಾನು ಮ್ಯಾನೇಜರ್ ಕಡೆಯಿಂದ ಹೇಳ್ತೀನಿ. ನನ್ನ ಟೀಮಿನಲ್ಲಿ ಚಿಕ್ಕ ಮಕ್ಕಳಿರೋರೇ ಜಾಸ್ತಿ.

"ಮಗುಗೆ ಹುಷಾರಿಲ್ಲ, ಸ್ವಲ್ಪ ತಡ ಆಗಬಹುದು, ನೋಡ್ಕೋತೀನಿ" ಅನ್ನೋ ಮೆಸೇಜ್ ಬಂದ್ರೆ ನನಗೆ ಏನೂ ಮಾಡೋಕೆ ಬರಲ್ಲ. ತಡ ಅಂದ್ರೆ ಎಷ್ಟು? ಯಾವ ಕೆಲಸ? ನಾನು ಇನ್ನೊಬ್ಬರಿಗೆ ಹೇಳಬೇಕಾ ಬೇಡ್ವಾ? ಆ ಮೆಸೇಜ್ ನೋಡಿ ನಾನು ಸುಮ್ಮನಿರ್ತೀನಿ, ನೀವು ಒದ್ದಾಡ್ತೀರಿ, ಸಂಜೆ ಇಬ್ಬರಿಗೂ ಬೇಜಾರು. ಬದಲಿಗೆ ಹೀಗೆ ಬರೀರಿ: "ಮಗಳಿಗೆ ಜ್ವರ, ಇವತ್ತು ಮತ್ತೆ ನಾಳೆ ಅರ್ಧ ದಿನ ರಜೆ ಹಾಕ್ತಿದ್ದೀನಿ. ಬೆಳಿಗ್ಗೆ ಏಳರಿಂದ ಒಂಬತ್ತು, ಮಧ್ಯಾಹ್ನ ಅವಳು ಮಲಗಿದಾಗ ಕೆಲಸ ಮಾಡ್ತೀನಿ. ಬ್ಯಾಂಕ್ ತಾಳೆ ಮುಗಿಸಿಕೊಡ್ತೀನಿ. ಬಾಕಿ ಬಿಲ್‌ಗಳ ಪಟ್ಟಿ ಬೇರೆಯವರು ತಗೋಬೇಕು, ಎಲ್ಲಿವರೆಗೆ ಆಗಿದೆ ಅಂತ ಫೈಲಿನಲ್ಲೇ ಬರೆದಿದ್ದೀನಿ. ಕಾಲ್‌ಗಳಿಗೆ ಬರಲ್ಲ, ತುರ್ತು ಇದ್ರೆ ಫೋನ್ ಮಾಡಿ." ಇಂಥ ಮೆಸೇಜ್ ಬಂದ್ರೆ ಹತ್ತು ನಿಮಿಷದಲ್ಲಿ ಕೆಲಸ ಹಂಚಿಬಿಡಬಹುದು. ಮಾಡ್ತೀನಿ ಅಂದಿದ್ದಕ್ಕಿಂತ ಮಾಡೋಕಾಗಲ್ಲ ಅಂತ ಸ್ಪಷ್ಟವಾಗಿ ಹೇಳಿದ್ದೇ ನನಗೆ ಹೆಚ್ಚು ಉಪಯೋಗ.

ರಜೆ ಇದ್ರೆ ರಜೆ ಹಾಕಿ. ಮಗುವನ್ನ ನೋಡ್ಕೊಳ್ತಾ ಆಫೀಸ್ ಚಾಟ್‌ನಲ್ಲಿ ಆನ್‌ಲೈನ್ ಅಂತ ಹಸಿರು ದೀಪ ಹಚ್ಕೊಂಡು ಕೂರೋದು ಯಾರಿಗೂ ಒಳ್ಳೇದಲ್ಲ, ಅದರಲ್ಲೂ ಲೆಕ್ಕದ ಕೆಲಸದಲ್ಲಿ. ರಾತ್ರಿ ನಿದ್ದೆ ಇಲ್ಲದ ತಲೆಯಲ್ಲಿ ತಾಳೆ ನೋಡಿದ ಅಂಕಿಯನ್ನ ಮಾರನೇ ದಿನ ಇನ್ನೊಬ್ಬರು ಮತ್ತೆ ನೋಡಲೇಬೇಕಾಗುತ್ತೆ.

ಡೇಕೇರ್‌ಗೆ ಹೋಗೋ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಜ್ವರ ಬರೋದು ಮಾಮೂಲಿ. ಅಂದ್ರೆ ಇದು ಆಕಸ್ಮಿಕ ಅಲ್ಲ, ಬಂದೇ ಬರುತ್ತೆ. ಮಗು ಚೆನ್ನಾಗಿರೋವಾಗಲೇ ಮ್ಯಾನೇಜರ್ ಜೊತೆ ಕೂತು ಮಾತಾಡಿ, ಹೀಗಾದ ದಿನ ಯಾರು ನಿಮ್ಮ ಕೆಲಸ ಹಿಡೀತಾರೆ, ನೀವು ಯಾರದ್ದು ಹಿಡೀತೀರಿ ಅಂತ. ಜ್ವರದ ದಿನ ಬೆಳಿಗ್ಗೆ ಎಂಟು ಗಂಟೆಗೆ ಆ ಮಾತು ಎತ್ತಿದ್ರೆ ಕ್ಷಮೆ ಕೇಳಿದ ಹಾಗೆ ಕೇಳ್ಸುತ್ತೆ.

ಪುಟ್ಟಿಯ ಅಪ್ಪ

ಎಲ್ಲರಿಗೂ ತುಂಬ ಥ್ಯಾಂಕ್ಸ್. ನೀವು ಬರೆದ ಹಾಗೇ, ಹೆಚ್ಚು ಕಡಿಮೆ ಅದೇ ಮಾತಿನಲ್ಲಿ ಮೆಸೇಜ್ ಕಳಿಸಿದೆ. ಐದು ನಿಮಿಷದಲ್ಲಿ ಉತ್ತರ ಬಂತು, ಬಿಲ್ ಪಟ್ಟಿ ಇನ್ನೊಬ್ಬರಿಗೆ ಹೋಯ್ತು. ಸಂಜೆ ಆರಕ್ಕೆ ಹೆಂಡತಿ ಬಂದು ಮಗಳನ್ನ ತಗೊಂಡ್ಲು, ನಾನು ಬಾಗಿಲು ಹಾಕ್ಕೊಂಡು ಎರಡು ಗಂಟೆ ಕೂತು ಬ್ಯಾಂಕ್ ತಾಳೆ ಮುಗಿಸಿದೆ. ಇಡೀ ದಿನ ಒಂದು ಕೈಯಲ್ಲಿ ಆಗದಿದ್ದು ಅಷ್ಟರಲ್ಲಿ ಆಯ್ತು.

ಸಿಸ್ಟರ್, ನೀವು ಹೇಳಿದ್ದಕ್ಕೆ ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿದ್ದೀವಿ. ಔಷಧಿ ಕೊಟ್ಟ ಹೊತ್ತು, ಎಷ್ಟು ಎಂಎಲ್, ಕುಡಿದಿದ್ದು, ಡಯಾಪರ್ ಬದಲಿಸಿದ್ದು. ಯಾರು ಕೊಟ್ರೂ ಅವರೇ ಬರೀಬೇಕು. ಹೆಂಡತಿ ಬಂದಾಗ ನಾನು ಬಾಯಲ್ಲಿ ವರದಿ ಒಪ್ಪಿಸೋ ಕೆಲಸ ತಪ್ಪಿತು, ಅವಳು ಹಾಳೆ ನೋಡಿದ್ಲು ಅಷ್ಟೇ.

ಎರಡು ಪ್ರಶ್ನೆ ಉಳಿದಿವೆ. ಮಧ್ಯಾಹ್ನ ಒಂದು ಸಲ ಕುಡಿದಿದ್ದೆಲ್ಲ ವಾಂತಿ ಮಾಡಿದ್ಲು, ಆಮೇಲೆ ಲೋಟ ಕಂಡ್ರೆ ಮುಖ ತಿರುಗಿಸ್ತಾಳೆ. ಮತ್ತೆ ರಾತ್ರಿ ನಿದ್ದೆಯಲ್ಲಿ ಮೈ ಬಿಸಿ ಇದ್ರೆ ಎಬ್ಬಿಸಿ ಔಷಧಿ ಕೊಡ್ಬೇಕಾ? ಕಾರ್ಟೂನ್ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.

ಅವಳಿಗಳ ಅಮ್ಮ

ಕಾರ್ಟೂನ್ ವಿಷಯ ನಾನು ಹೇಳ್ತೀನಿ. ಔಷಧಿ ಬಗ್ಗೆ ಸಿಸ್ಟರ್ ಹೇಳಿದ್ದೇ ಸರಿ, ಅದನ್ನೇ ಪಾಲಿಸಿ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಲ್ಲಿ ಒಂದು ವರ್ಷದ ಮಕ್ಕಳಿಗೆ ಸ್ಕ್ರೀನ್ ಬೇಡ ಅಂತಲೇ ಇದೆ, ಎರಡು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ. ಅದನ್ನ ನಾನು ಗೌರವಿಸ್ತೀನಿ. ಆದರೆ ಅದು ದಿನನಿತ್ಯದ ಅಭ್ಯಾಸದ ಮಾತು. ಮೈಯಲ್ಲಿ ತ್ರಾಣ ಇಲ್ಲದ ಮಗು ನಿಮ್ಮ ತೋಳಿಗೆ ಒರಗಿಕೊಂಡು ಇಪ್ಪತ್ತು ನಿಮಿಷ ನೋಡಿದ್ರೆ ಅಭ್ಯಾಸ ಕೆಡಲ್ಲ ಅನ್ನೋದು ನನ್ನ ಅಭಿಪ್ರಾಯ. ಕಾರ್ಟೂನ್‌ಗಿಂತ ಅವಳದ್ದೇ ಹಳೆ ವಿಡಿಯೋ ಹಾಕಿ ನೋಡಿ. ನನ್ನ ಮಕ್ಕಳು ತಾವು ಅಂಬೆಗಾಲಿಟ್ಟಿದ್ದು, ಬಿದ್ದು ಎದ್ದಿದ್ದು ನೋಡ್ತಾ ಎಷ್ಟು ಹೊತ್ತಾದ್ರೂ ಸುಮ್ಮನಿರ್ತಾರೆ. ಅದು ತಾನಾಗಿ ಮುಗಿಯುತ್ತೆ ಕೂಡ, ಮುಂದಿನದು ಮುಂದಿನದು ಅಂತ ಓಡ್ತಾ ಇರಲ್ಲ. ಹುಷಾರಾದ ದಿನವೇ ನಿಲ್ಲಿಸಿಬಿಡಿ, ಎರಡು ದಿನ ಕೇಳ್ತಾಳೆ, ಆಮೇಲೆ ಮರೀತಾಳೆ.

ಮಕ್ಕಳ ವಾರ್ಡ್ ಸಿಸ್ಟರ್

ಹಾಳೆ ಅಂಟಿಸಿದ್ದು ತುಂಬ ಒಳ್ಳೆಯದಾಯಿತು. ವಾರ್ಡಿನಲ್ಲಿ ನಾವು ಮಾಡುವುದೂ ಅದನ್ನೇ. ಮತ್ತೆ ಡಾಕ್ಟರ್ ಹತ್ತಿರ ಹೋಗಬೇಕಾದರೆ ಅದರ ಫೋಟೋ ತೋರಿಸಿ.

ವಾಂತಿಗೆ: ಹತ್ತು ನಿಮಿಷ ಸುಮ್ಮನೆ ಬಿಡಿ. ಆಮೇಲೆ ಲೋಟ ಬೇಡ, ಚಮಚದಲ್ಲಿ ಅಥವಾ ಸಿರಿಂಜ್‌ನಲ್ಲಿ ಕೆನ್ನೆಯ ಒಳಬದಿಗೆ ಒಂದೊಂದು ಚಮಚ, ಎರಡು ಮೂರು ನಿಮಿಷಕ್ಕೊಮ್ಮೆ. ಎರಡು ನಿಮಿಷಕ್ಕೆ 5 ಎಂಎಲ್ ಹೋದರೂ ಗಂಟೆಗೆ 150 ಎಂಎಲ್ ಆಯಿತು. ಒಂದೇ ಸಲ ಅರ್ಧ ಲೋಟ ಕೊಟ್ಟರೆ ಅಷ್ಟೂ ಹೊರಗೆ ಬರುತ್ತದೆ. ವಾಂತಿ ಮತ್ತೆ ಮತ್ತೆ ಆದರೆ ಅಥವಾ ಭೇದಿ ಶುರುವಾದರೆ ಬರೀ ನೀರು ಸಾಲದು, ಓಆರ್‌ಎಸ್ ಕೊಡಿ. ಪೊಟ್ಟಣದ ಮೇಲೆ ಎಷ್ಟು ನೀರಿಗೆ ಅಂತ ಬರೆದಿದೆಯೋ ಅಷ್ಟೇ ನೀರಿಗೆ ಪೂರ್ತಿ ಪೊಟ್ಟಣ ಹಾಕಿ ಕಲಸಬೇಕು. ಚೂರು ಪುಡಿ, ಅಂದಾಜು ನೀರು ಮಾಡಬೇಡಿ, ಉಪ್ಪು ಹೆಚ್ಚಾದರೆ ಅಪಾಯ. ಏನು ಕೊಟ್ಟರೂ ನಿಲ್ಲದಿದ್ದರೆ, ವಾಂತಿ ಹಸಿರು ಬಣ್ಣಕ್ಕೆ ತಿರುಗಿದರೆ ಅಥವಾ ರಕ್ತ ಕಂಡರೆ ಕಾಯಬೇಡಿ.

ರಾತ್ರಿ ಆರಾಮವಾಗಿ ಮಲಗಿದ್ದರೆ ಔಷಧಿಗೋಸ್ಕರ ಎಬ್ಬಿಸಬೇಕಾಗಿಲ್ಲ. ತೆಳು ಬಟ್ಟೆ ಹಾಕಿ, ದಪ್ಪ ಹೊದಿಕೆ ತೆಗೆಯಿರಿ. ತಣ್ಣೀರಿನಲ್ಲಿ ಒರೆಸಬೇಡಿ, ಮಗು ನಡುಗಿದರೆ ಒಳಗಿನ ಬಿಸಿ ಏರುತ್ತದೆ. ತಾನಾಗಿ ಎದ್ದು ನರಳಿದರೆ ಹಾಳೆ ನೋಡಿ, ಹಿಂದಿನ ಡೋಸ್ ಆಗಿ ನಾಲ್ಕು ಗಂಟೆ ದಾಟಿದ್ದರೆ ಕೊಡಿ. ಮೂರನೇ ದಿನವೂ ಜ್ವರ ಇಳಿಯದಿದ್ದರೆ ಮತ್ತೊಮ್ಮೆ ತೋರಿಸಿ. ಇಳಿದ ಮೇಲೂ ಔಷಧಿ ಇಲ್ಲದೆ 24 ಗಂಟೆ ಜ್ವರ ಬಾರದೆ ಇದ್ದರೆ ಮಾತ್ರ ಡೇಕೇರ್‌ಗೆ ಕಳಿಸಿ. ಆ ಒಂದು ದಿನದ ರಜೆಯನ್ನೂ ಈಗಲೇ ಮ್ಯಾನೇಜರ್‌ಗೆ ಹೇಳಿಬಿಡಿ.