ಸೂರಿನ ಮೇಲೆ ಯಾರೋ ಓಡಾಡುತ್ತಿದ್ದಾರೆ

ನಿದ್ದೆಗೆಟ್ಟವಳು:
ಹತ್ತು ದಿನಗಳಿಂದ ರಾತ್ರಿ ಹನ್ನೊಂದಾಯಿತೆಂದರೆ ಮಲಗುವ ಕೋಣೆಯ ಫಾಲ್ಸ್ ಸೀಲಿಂಗ್ ಮೇಲೆ ದಡದಡ ಸದ್ದು. ಇಲಿ ಇರಬೇಕೆಂದು ಸುಮ್ಮನಿದ್ದೆ. ಮೊನ್ನೆ ನೀರಿನ ಟ್ಯಾಂಕ್ ನೋಡಲು ತಾರಸಿಗೆ ಹೋದಾಗ ಟಾರ್ಚ್ ಬೆಳಕಿಗೆ ಎರಡು ಕಣ್ಣುಗಳು ಹೊಳೆದವು. ಬೆಕ್ಕಿಗಿಂತ ಉದ್ದನೆಯ ಮೈ, ಚೂಪು ಮೂತಿ, ಹೆಚ್ಚುಕಡಿಮೆ ಮೈಯಷ್ಟೇ ಉದ್ದದ ಬಾಲ. ಅದೂ ನಿಂತಿತು, ನಾನೂ ನಿಂತೆ, ಟಾರ್ಚ್ ಮಾತ್ರ ಕೆಳಗೆ ಬಿತ್ತು. ಸುತ್ತಮುತ್ತ ಬರೀ ಕಟ್ಟಡಗಳು, ಕಾಡಿನ ಸುಳಿವಿಲ್ಲ. ಮನೆಯಲ್ಲಿ ನಾಲ್ಕು ವರ್ಷದ ಮಗುವಿದೆ. ಸಂದು ಮುಚ್ಚಿಸಲು ಗಾರೆ ಕೆಲಸದವರಿಗೆ ಹೇಳಿದ್ದೇನೆ, ನಾಳೆ ಬರುತ್ತಾರೆ. ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿದ್ದರೆ ಏನು ಮಾಡಿದಿರಿ?

ಹಳೇ ಹೆಂಚಿನ ಮನೆ:
ಮೊದಲು ಗಾರೆಯವರಿಗೆ ನಾಳೆ ಬರಬೇಡಿ ಎಂದು ಹೇಳಿಬಿಡಿ. ಉಳಿದದ್ದನ್ನು ಆಮೇಲೆ ಓದಿ.

ನೀವು ಕಂಡದ್ದು ಪುನುಗು ಬೆಕ್ಕು. ಹಗಲಿಡೀ ಮಲಗಿ ರಾತ್ರಿ ಮೇಯಲು ಹೊರಡುವ ಪ್ರಾಣಿ. ಹಣ್ಣು, ಹುಳು, ಇಲಿ ಎಲ್ಲವನ್ನೂ ತಿನ್ನುತ್ತದೆ. ತಾರಸಿಯ ಮೂಲೆಯಲ್ಲಿ ಬೀಜ ತುಂಬಿದ ಹಿಕ್ಕೆ ಬಿದ್ದಿದೆಯೇ ನೋಡಿ, ಗುರುತು ಖಚಿತವಾಗುತ್ತದೆ. ಕಾಡಿಲ್ಲದಿದ್ದರೂ ಅದಕ್ಕೆ ನಡೆಯುತ್ತದೆ. ಹಣ್ಣಿನ ಎರಡು ಮರ, ಇಲಿ, ಒಣ ಸೂರು ಇದ್ದರೆ ಸಾಕು.

ನಾವು ಮಾಡಿದ ತಪ್ಪನ್ನು ಹೇಳುತ್ತೇನೆ. ಅದು ಹೊರಗೆ ಹೋದದ್ದನ್ನು ಕಣ್ಣಾರೆ ನೋಡಿ, ಬುದ್ಧಿವಂತರಂತೆ ಅಂದು ರಾತ್ರಿಯೇ ಸಂದಿಗೆ ತಗಡು ಹೊಡೆದೆವು. ಒಳಗೆ ಮರಿಗಳಿದ್ದವು. ತಾಯಿ ಬೆಳಗಿನವರೆಗೆ ತಗಡನ್ನು ಕೆರೆಯಿತು. ಮಾರನೆಯ ದಿನ ಒಳಗಿನಿಂದ ಸಣ್ಣ ಅಳು ಕೇಳಿಸತೊಡಗಿತು. ಮೂರನೆಯ ದಿನ ಬಡಗಿ ಬಂದು ಹಲಗೆ ಬಿಚ್ಚಿದಾಗ ಎರಡು ಮರಿಗಳು ಬದುಕಿದ್ದವು, ಒಂದು ಸತ್ತಿತ್ತು. ಬದುಕಿದ್ದವನ್ನು ರಟ್ಟಿನ ಪೆಟ್ಟಿಗೆಯಲ್ಲಿ ಅದೇ ಸಂದಿನ ಪಕ್ಕ ಇಟ್ಟು, ದೀಪ ಆರಿಸಿ, ಒಳಗೆ ಬಂದು ಬಾಗಿಲು ಹಾಕಿಕೊಂಡೆವು. ತಾಯಿ ಒಂದೊಂದನ್ನೇ ಕಚ್ಚಿಕೊಂಡು ಹೋಯಿತು. ಸತ್ತದ್ದರ ವಾಸನೆ ಕೋಣೆಯಿಂದ ಹೋಗಲು ತಿಂಗಳು ಹಿಡಿಯಿತು. ತಗಡು ಹೊಡೆದವನು ನಾನೇ, ಬೇರೆ ಯಾರನ್ನೂ ದೂರುವಂತಿಲ್ಲ.

ಆದ್ದರಿಂದ ಕಾಯಿರಿ. ಮರಿಗಳು ತಾಯಿಯ ಹಿಂದೆ ಓಡಾಡುವಷ್ಟು ಬೆಳೆದ ಮೇಲೆ ತಾವಾಗಿಯೇ ಹೊರಡುತ್ತವೆ. ಸಂದಿನ ಮುಂದೆ ತೆಳ್ಳಗೆ ಹಿಟ್ಟು ಉದುರಿಸಿ, ಹೆಜ್ಜೆ ಯಾವ ಕಡೆಗಿದೆ ಎಂದು ಬೆಳಿಗ್ಗೆ ನೋಡಿ. ಸದ್ದು ನಿಂತ ಮೇಲೆ ಕಾಗದದ ಉಂಡೆಯನ್ನು ಸಂದಿಗೆ ಸಡಿಲವಾಗಿ ತುರುಕಿ. ಮೂರು ರಾತ್ರಿ ಅದು ಅಲುಗದಿದ್ದರೆ ಗಾರೆಯವರನ್ನು ಕರೆಯಿರಿ.

ಮಗುವಿನ ಬಗ್ಗೆ: ಅದಾಗಿ ಮೇಲೆ ಬೀಳುವ ಪ್ರಾಣಿಯಲ್ಲ. ಮೂಲೆಗೆ ಒತ್ತಿದರೆ ಮಾತ್ರ ಕಚ್ಚುತ್ತದೆ.

ನೇರ ಮಾತು:
ಇಷ್ಟೆಲ್ಲ ಏಕೆ? ಬೋನು ಇಟ್ಟು ಹಿಡಿಸಿ, ದೂರದ ಕಾಡಿಗೆ ಬಿಡಿಸಿ. ಅದಕ್ಕೂ ಒಳ್ಳೆಯದು, ನಿಮಗೂ ನಿದ್ದೆ.

ಹಳೇ ಹೆಂಚಿನ ಮನೆ:
ಅದಕ್ಕೆ ಒಳ್ಳೆಯದಲ್ಲ. ಗುರುತಿಲ್ಲದ ಕಾಡಿನಲ್ಲಿ ನೀರೆಲ್ಲಿ, ಮರೆಯೆಲ್ಲಿ ಎಂದು ಅದಕ್ಕೆ ತಿಳಿಯದು. ಮರಿಗಳು ಇಲ್ಲೇ ಉಳಿದರೆ ಕಥೆ ಮುಗಿಯಿತು. ಸಂದು ತೆರೆದೇ ಇದ್ದರೆ ಇನ್ನೊಂದು ಬರುತ್ತದೆ. ದೊಡ್ಡ ಪ್ರಾಣಿಗಳ ವಿಷಯದಲ್ಲಿ ಇದು ಇನ್ನೂ ಅಪಾಯ: ಮಹಾರಾಷ್ಟ್ರದ ಜುನ್ನರ್ ಭಾಗದಲ್ಲಿ 2000ದ ದಶಕದ ಆರಂಭದಲ್ಲಿ ಚಿರತೆಗಳನ್ನು ಹಿಡಿದು ಬೇರೆಡೆ ಬಿಟ್ಟಾಗ ಮನುಷ್ಯರ ಮೇಲಿನ ದಾಳಿ ಕಡಿಮೆಯಾಗುವ ಬದಲು ಹೆಚ್ಚಿತು.

ಕಿಟಕಿ ತೆರೆದಿಟ್ಟವರು:
ನನ್ನದು ಬಾವಲಿ. ರಾತ್ರಿ ಕೋಣೆಯೊಳಗೆ ಬಂದು ಫ್ಯಾನಿನ ಸುತ್ತ ಸುತ್ತಿತು. ಫ್ಯಾನ್ ನಿಲ್ಲಿಸಿ, ಕಿಟಕಿ ಪೂರ್ತಿ ತೆರೆದು, ದೀಪ ಆರಿಸಿ ಹೊರಬಂದೆ. ಕಾಲು ಗಂಟೆಯಲ್ಲಿ ಹೋಯಿತು. ಇಲ್ಲಿಯವರೆಗೆ ಸರಿಯಾಗಿಯೇ ಮಾಡಿದ್ದೆ. ಬೆಳಿಗ್ಗೆ ಬಾಲ್ಕನಿಯಲ್ಲಿ ಬಿದ್ದಿದ್ದ ಇನ್ನೊಂದನ್ನು ಬರಿಗೈಯಿಂದ ಎತ್ತಿದೆ. ಕಚ್ಚಿದ್ದು ಸೂಜಿ ಚುಚ್ಚಿದಷ್ಟೇ, ರಕ್ತವೂ ಸರಿಯಾಗಿ ಕಾಣಲಿಲ್ಲ. ವೈದ್ಯರು ಚೆನ್ನಾಗಿ ಬೈದರು. ಬಾವಲಿಯ ಹಲ್ಲಿನ ಗುರುತು ಕಣ್ಣಿಗೆ ಬೀಳದಷ್ಟು ಚಿಕ್ಕದಿರಬಹುದು, ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂಬಷ್ಟು ಕಡಿಮೆ. ಯಾವ ಕಾಡುಪ್ರಾಣಿ ಕಚ್ಚಿದರೂ, ಪರಚಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಹಚ್ಚಿ ಕುಳಿತುಕೊಳ್ಳಬೇಡಿ.

ನಿವೃತ್ತ ಮೇಷ್ಟರು:
ಶೂ ಇಡುವ ಗೂಡಿನಲ್ಲಿ ನಾಗರಹಾವು ಕಂಡಿದ್ದೆ. ಅಕ್ಕಪಕ್ಕದವರೆಲ್ಲ ಕೋಲು ಹಿಡಿದು ಬಂದರು. ನನ್ನ ಅರ್ಧ ಶಕ್ತಿ ಹೋದದ್ದು ಅವರನ್ನು ತಡೆಯುವುದರಲ್ಲೇ. ಒಬ್ಬರು ಫಿನಾಯಿಲ್ ಸುರಿಯಿರಿ ಎಂದರು. ಅದರಿಂದ ಹಾವು ಗಾಬರಿಯಾಗಿ ಇನ್ನೂ ಒಳಗೆ ನುಗ್ಗಬಹುದು. ಕೋಣೆಯ ಬಾಗಿಲು ಹಾಕಿ, ಕೆಳಗಿನ ಸಂದಿಗೆ ಬಟ್ಟೆ ತುರುಕಿ, ಹಾವು ಹಿಡಿಯುವವರಿಗೆ ಕರೆ ಮಾಡಿದೆ. ಅವರು ಬರುವವರೆಗೆ ಕಿಟಕಿಯ ಗಾಜಿನಿಂದ ಅದರ ಮೇಲೆ ಕಣ್ಣಿಟ್ಟಿದ್ದೆ. ಕಣ್ತಪ್ಪಿದ ಹಾವಿಗಾಗಿ ಇಡೀ ಮನೆಯನ್ನೇ ಬಿಚ್ಚಬೇಕಾಗುತ್ತದೆ. ಸತ್ತ ಹಾವನ್ನೂ ಮುಟ್ಟಬಾರದು, ಕತ್ತರಿಸಿದ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು. ಕಚ್ಚಿದರೆ ಕಟ್ಟು ಬಿಗಿಯುವುದು, ಕುಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲುಗಿಸದೆ ಪ್ರತಿವಿಷ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ.

ಮೂರನೇ ಮಹಡಿ:
ಕೋತಿ ಎದುರಾದರೆ ಹಲ್ಲು ಕಿರಿಯಬೇಡಿ. ನಿಮ್ಮ ನಗು ಅದಕ್ಕೆ ಜಗಳದ ಕರೆ. ಅನುಭವದಿಂದ ಹೇಳುತ್ತಿದ್ದೇನೆ.

ನಿದ್ದೆಗೆಟ್ಟವಳು:
ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಗಾರೆಯವರನ್ನು ಅಂದೇ ತಡೆದೆ. ಹಿಟ್ಟಿನ ಮೇಲೆ ಮೊದಮೊದಲು ಒಂದೇ ಅಳತೆಯ ಹೆಜ್ಜೆಗಳಿದ್ದವು, ಕಳೆದ ವಾರ ಅವುಗಳ ಪಕ್ಕದಲ್ಲಿ ಪುಟ್ಟ ಹೆಜ್ಜೆಗಳು ಮೂಡಿದವು. ಒಂದು ರಾತ್ರಿ ಕಾಂಪೌಂಡ್ ಗೋಡೆಯ ಮೇಲೆ ಮೂವರೂ ಸಾಲಾಗಿ ಹೋದರು, ಮಗುವಿಗೂ ಕಿಟಕಿಯಿಂದ ತೋರಿಸಿದೆ. ಕಾಗದದ ಉಂಡೆ ಮೂರು ರಾತ್ರಿ ಅಲುಗಲಿಲ್ಲ. ನಿನ್ನೆ ಸಂದು ಮುಚ್ಚಿಸಿದೆ. ಈಗ ಅಡುಗೆಮನೆಯ ಸಿಂಕಿನ ಕೆಳಗೆ ಸದ್ದು ಶುರುವಾಗಿದೆ. ಈ ಸಲ ನಿಜವಾಗಿಯೂ ಇಲಿ.