ಅಪ್‌ಡೇಟ್: ಆಟೊರಿಮೂವ್ ಪಟ್ಟಿಯಲ್ಲಿ ಲಿಬ್ರೆಆಫೀಸ್ ಬಂದದ್ದೇಕೆ

ತೀರ್ಥಹಳ್ಳಿಯ ಅಡಿಕೆ ಮಂಡಿಯ ಕಂಪ್ಯೂಟರಿನಲ್ಲಿ ಡೆಬಿಯನ್ (ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆ) 11ರಿಂದ 12ಕ್ಕೆ ಹೋದ ಮೇಲೆ, ಬೇಡವಾದ ಪ್ಯಾಕೇಜುಗಳನ್ನು ತೆಗೆಯುವ ಆಜ್ಞೆಯಾದ ಆಟೊರಿಮೂವ್, ಕಚೇರಿ ಕೆಲಸದ ತಂತ್ರಾಂಶ ಲಿಬ್ರೆಆಫೀಸನ್ನೂ ತೆಗೆಯಹೊರಟಿದೆ, ಏಕೆ ಎಂದು ಹಿಂದೆ ಪ್ರಶ್ನೆ ಕೇಳಿದ್ದೆ. ಕಾರಣ ಇಷ್ಟೇ: ಡೆಸ್ಕ್‌ಟಾಪಿನ ಮೆಟಾಪ್ಯಾಕೇಜ್ (ಬೇರೆ ಪ್ಯಾಕೇಜುಗಳನ್ನು ಒಟ್ಟಿಗೆ ಎಳೆದು ತರುವ ಪ್ಯಾಕೇಜ್) ಅಪ್‌ಗ್ರೇಡಿನಲ್ಲಿ ಹೋಗಿತ್ತು. ಅದರ ಬೆನ್ನಿಗೆ ಬಂದವೆಲ್ಲ 'ಆಟೊ' ಗುರುತಿನವು, ಅಂದರೆ ನಾವು ಕೇಳದೆ ತಾವಾಗಿ ಬಂದವು; ಈಗ ಅವು ಬೇಕೆನ್ನುವ ಪ್ಯಾಕೇಜೇ ಇಲ್ಲ.

ಇದು ನಾನೇ ಹಾಕಿಸಿದ್ದು ಎಂದು ಗುರುತಿಸಲು 'ಆಪ್ಟ್-ಮಾರ್ಕ್ ಮ್ಯಾನ್ಯುಯಲ್ ಲಿಬ್ರೆಆಫೀಸ್' ಕೊಟ್ಟೆ. ರೈಟರ್, ಕ್ಯಾಲ್ಕ್ ಅದರ ಅವಲಂಬನೆಗಳಾದ್ದರಿಂದ ತಾವಾಗಿ ಉಳಿದವು. ಲೈಬ್ರರಿಗಳಿಗೆಲ್ಲ (ಬೇರೆ ತಂತ್ರಾಂಶಗಳು ಬಳಸುವ ಸಹಾಯಕ ಪ್ಯಾಕೇಜುಗಳು) ಈ ಗುರುತು ಹಾಕಬೇಡಿ, ಹಳೆಯವು ಕೊಳೆಯುತ್ತ ಕೂರುತ್ತವೆ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳನ್ನು ತರುವ 'ಫಾಂಟ್ಸ್-ಕೆಎನ್‌ಡಿಎ'ಗೆ ಮಾತ್ರ ಬೇರೆಯಾಗಿ ಹಾಕಬೇಕು.

ಬಳಿಕ 'ಆಪ್ಟ್-ಗೆಟ್ -ಎಸ್ ಆಟೊರಿಮೂವ್' ಕೊಟ್ಟೆ. ಇದು ಏನನ್ನೂ ಅಳಿಸದೆ ಪಟ್ಟಿ ತೋರಿಸುತ್ತದೆ. ಪಟ್ಟಿ ಓದಿಯೇ ನಿಜವಾದದ್ದನ್ನು ಓಡಿಸಿದೆ.

ನಮ್ಮ ಮಳೆಗಾಲದ ಕರೆಂಟಿಗೆ ಇನ್ನೊಂದು: ಅಪ್‌ಗ್ರೇಡ್ ಆಜ್ಞೆಗೆ ಮೊದಲು '--ಡೌನ್‌ಲೋಡ್-ಓನ್ಲಿ' ಹಾಕಿ ಎಲ್ಲ ಇಳಿಸಿಕೊಳ್ಳಿ. ಇನ್‌ಸ್ಟಾಲ್ ನಡುವೆ ಕರೆಂಟ್ ಹೋದರೆ, ಅರ್ಧಕ್ಕೆ ನಿಂತ ಪ್ಯಾಕೇಜುಗಳನ್ನು ಮುಗಿಸಲು 'ಡಿಪಿಕೆಜಿ --ಕಾನ್ಫಿಗರ್ -ಎ', ಆಮೇಲೆ ಮುರಿದ ಅವಲಂಬನೆ ಸರಿಪಡಿಸಲು 'ಆಪ್ಟ್ -ಎಫ್ ಇನ್‌ಸ್ಟಾಲ್' ಕೊಡಿ.