ಏರ್ಪೋರ್ಟ್‌ನ್ಯಾಗ ಜ್ವರದ ಪ್ಯಾಸೆಂಜರ್ ಬಂದ್ರ ನಮ್ಮಂಥೋರು ಏನ್ ಮಾಡ್ಬೇಕ್ರಿ?

ಬಾದಾಮಿ ಹುಡುಗ:
ನಮಸ್ಕಾರ್ರಿ ಎಲ್ಲಾರಿಗೂ. ನಾ ಈ ಮುಂಬೈ, ಪುಣೆ, ಗೋವಾ ಕಡೆ ಒಂದ್ ಏರ್ಪೋರ್ಟ್‌ನ್ಯಾಗ ವೀಲ್‌ಚೇರ್ ಡ್ಯೂಟಿ ಮಾಡ್ತೀನಿ, ಯಾವ್ದು ಅಂತ ಕೇಳ್ಬ್ಯಾಡ್ರಿ, ಕೆಲಸದ ಮ್ಯಾಲೆ ಬರ್ತದ. ಹೋದ ವಾರ ರಾತ್ರಿ ಗಲ್ಫ್ ಕಡಿಂದ ಬಂದ ಫ್ಲೈಟ್‌ನ್ಯಾಗ ಒಬ್ರು ಅಜ್ಜಿ ಇದ್ರು. ವಿಮಾನದ ಬಾಗಲದಾಗ ಹಿಡಿದು ಕುರ್ಚಿಗೆ ಕೂಡ್ಸೂಮುಂದ ಕೈ ಕಾದ ಹಂಚಿನಂಗ ಸುಡ್ತಿತ್ತು, ಶಾಲು ಹೊದ್ಕೊಂಡು ಗಡಗಡ ನಡಗ್ತಿದ್ರು, ಮಗ ನೋಡಿದ್ರ "ಎಸಿ ಥಂಡಿ ಅಷ್ಟ, ಗುಳಿಗಿ ಕೊಟ್ಟೀನಿ, ಲಗೂ ನಡಿ" ಅಂದ. ನಾನೂ ತಳ್ಕೊಂಡ್ ಹೋದೆ. ಇಮಿಗ್ರೇಷನ್, ಬ್ಯಾಗಿನ ಬೆಲ್ಟ್, ಲಿಫ್ಟ್, ಟ್ಯಾಕ್ಸಿ ತನಕ. ರೂಮಿನ್ಯಾಗ ನಾವು ಆರ್ ಮಂದಿ ಇರ್ತೀವಿ, ಜಳಕಾ ಮಾಡಿ ಮಲ್ಕೊಂಡ್ರೂ ಅವತ್ತ ನಿದ್ದಿ ಹತ್ತಲಿಲ್ಲ. ಏಜೆನ್ಸಿಯವ್ರು ಕುರ್ಚಿ ಬ್ರೇಕ್ ಹೆಂಗ ಹಾಕ್ಬೇಕು ಕಲಿಸ್ಯಾರ, ಇಂಥಾದ್ದನ್ನ ಯಾರೂ ಹೇಳಿಲ್ಲ. ನಾ ಎಲ್ಲಿ ನಿಂದ್ರಬೇಕಿತ್ತು, ಯಾರಿಗೆ ಹೇಳ್ಬೇಕಿತ್ತು? ಇನ್ನೊಂದು, ಆಫ್ರಿಕಾದಿಂದ ಬರೋರ ಹತ್ರ ಹಳದಿ ಪುಸ್ತಕ ನೋಡ್ತಾರಲ್ಲ, ಅದೇನ್ರಿ?

ಮಾಟುಂಗದ ಮಾಮ:
ತಮ್ಮಾ, ನೀನು ನಿಲ್ಲಬೇಕಾದ್ದು ಇಮಿಗ್ರೇಷನ್‌ಗಿಂತ ಮೊದಲೇ. ನಾನು ಬಂದರಿನ ಆರೋಗ್ಯ ವಿಭಾಗದಲ್ಲಿ ಇದ್ದವ, ಈಗ ರಿಟೈರ್ಡ್. ಹಡಗಾದ್ರೂ ವಿಮಾನ ಆದ್ರೂ ಕೆಲಸ ಒಂದೇ. ಇಂಟರ್‌ನ್ಯಾಷನಲ್ ಏರ್ಪೋರ್ಟಲ್ಲಿ ಕೇಂದ್ರ ಸರ್ಕಾರದ ಏರ್ಪೋರ್ಟ್ ಹೆಲ್ತ್ ಆಫೀಸರ್ ಅಂತ ಇರ್ತಾರೆ, ಅವರ ಕೌಂಟರ್ ಪಾಸ್‌ಪೋರ್ಟ್ ಸಾಲಿಗಿಂತ ಮುಂಚೆ ಇರ್ತದೆ, ಆ ಸಾಲಿಗೆ ಹೋದ್ರೆ ನಾಲ್ಕು ಫ್ಲೈಟಿನ ಜನ ಒಟ್ಟಿಗೆ ನಿಂತಿರ್ತಾರಲ್ಲ ಅದಕ್ಕೇ. ನೀನು ಮಾಡಬೇಕಾದ್ದು ಇಷ್ಟು: ಅಜ್ಜಿಗೊಂದು ಮಾಸ್ಕ್, ನಿನಗೊಂದು, ಕುರ್ಚಿಯನ್ನ ಪಕ್ಕಕ್ಕೆ ತಗೊಂಡು ಸೂಪರ್‌ವೈಸರ್‌ಗೆ ವಾಕಿಯಲ್ಲಿ ಹೇಳಿ ಹೆಲ್ತ್ ಕೌಂಟರ್‌ಗೆ ಕರೆಸೋದು. ರೋಗ ಯಾವ್ದು ಅಂತ ಕಂಡುಹಿಡಿಯೋ ಹೊಣೆ ನಿಂದಲ್ಲ ಮಾರಾಯಾ. ಆಮೇಲೆ ಆ ಕುರ್ಚಿಯ ಹಿಡಿ, ಕೈ ಇಡೋ ಜಾಗ ಒರೆಸದೆ ಇನ್ನೊಬ್ರನ್ನ ಕೂರಿಸ್ಬೇಡ.

ನಿಜ ಹೇಳೋದಾದ್ರೆ ನಿನಗಿಂತ ಮೊದಲೇ ಗೊತ್ತಾಗ್ಬೇಕಿತ್ತು. ವಿಮಾನದಲ್ಲಿ ಯಾರಿಗಾದ್ರೂ ಜ್ವರ ಗಿರ ಇದ್ರೆ ಇಳಿಯೋ ಮುಂಚೆ ಪೈಲಟ್ ಕೆಳಗೆ ತಿಳಿಸ್ಬೇಕು ಅಂತ ನಿಯಮ ಉಂಟು. ಅಂತಾರಾಷ್ಟ್ರೀಯ ಆರೋಗ್ಯ ನಿಯಮಾವಳಿ ಅಂತ 2005ರಲ್ಲಿ ಮಾಡಿದ್ದು, 2007ರ ಜೂನ್‌ನಿಂದ ಜಾರಿ. ಅದರಲ್ಲಿ ಏರ್ಪೋರ್ಟ್, ಬಂದರು, ಗಡಿ ಹೇಗಿರ್ಬೇಕು ಅಂತ ಬರೆದಿದೆ, ಶಂಕಿತರನ್ನ ಬೇರೆಯವರಿಂದ ದೂರ ಕೂರಿಸಿ ಮಾತಾಡಿಸೋ ಜಾಗ, ಆಸ್ಪತ್ರೆಗೆ ಒಯ್ಯೋ ಗಾಡಿ, ತರಬೇತಿ ಆದ ಸಿಬ್ಬಂದಿ, ಕುಡಿಯೋ ನೀರು, ಶೌಚಾಲಯ, ಎಲ್ಲ.

ಹಳದಿ ಪುಸ್ತಕ ಅಂದ್ರೆ ಹಳದಿ ಜ್ವರದ ಲಸಿಕೆ ಸರ್ಟಿಫಿಕೇಟ್. ನಮ್ಮ ದೇಶದಲ್ಲಿ ಆ ರೋಗ ಇಲ್ಲ, ಆದ್ರೆ ಅದನ್ನ ಹರಡೋ ಈಡಿಸ್ ಸೊಳ್ಳೆ, ಡೆಂಗಿ ತರೋದೂ ಅದೇ, ಮನೆಮನೆಯಲ್ಲಿ ಉಂಟು. ಒಬ್ಬ ರೋಗಿ ಬಂದು ಸೊಳ್ಳೆಗೆ ಸಿಕ್ಕಿದ್ರೆ ಮುಗೀತು. ಹಾಗಾಗಿ ಆ ರೋಗ ಇರೋ ದೇಶಗಳಿಂದ ಕಾರ್ಡ್ ಇಲ್ದೆ ಬಂದವರನ್ನ 6 ದಿನದವರೆಗೆ ಕ್ವಾರಂಟೈನ್ ಮಾಡ್ತಾರೆ. ಲಸಿಕೆ ಹಾಕಿ 10 ದಿನ ಆದ್ಮೇಲೆ ಕಾರ್ಡ್‌ಗೆ ಬೆಲೆ, 2016ರಿಂದ ಅದು ಜೀವನಪೂರ್ತಿ ನಡೀತದೆ. ಏರ್ಪೋರ್ಟ್ ಸುತ್ತ 400 ಮೀಟರ್ ಸೊಳ್ಳೆ ಮರಿ ಇರಬಾರ್ದು ಅಂತಲೂ ಅದೇ ನಿಯಮಾವಳಿ. ಹಳೇ ಟೈರ್, ತಗಡಿನ ಡಬ್ಬ, ಕೂಲರ್ ನೀರು ಹುಡುಕ್ಕೊಂಡು ತಿರುಗೋದೇ ನನ್ನ ಅರ್ಧ ನೌಕರಿ ಆಗಿತ್ತು.

ಪುಣೆ ಸ್ಮಿತಾ:
ಮಾಮ ಹೇಳಿದ್ದು ಸರಿ, ಆದ್ರೆ ಜ್ವರ ಹಿಡಿಯೋ ಸ್ಕ್ಯಾನರ್ ಇದೆ ಕೌಂಟರ್ ಇದೆ ಅಂತ ನೆಮ್ಮದಿಯಾಗಿ ಕೂರೋ ಹಾಗಿಲ್ಲ. ಪ್ಯಾರಸಿಟಮಾಲ್ ನುಂಗಿದ್ರೆ ಥರ್ಮಲ್ ಕ್ಯಾಮೆರಾಗೆ ಏನ್ ಕಾಣತ್ತೆ? ಜ್ವರ ಇನ್ನೂ ಶುರುವೇ ಆಗದೆ ಇರೋರು ಬೇರೆ. 2003ರಲ್ಲಿ ಸಾರ್ಸ್ ಅನ್ನೋ ಉಸಿರಾಟದ ಸೋಂಕು ಬಂದಾಗ ಕೆನಡಾದಲ್ಲಿ ಲಕ್ಷಗಟ್ಟಲೆ ಪ್ರಯಾಣಿಕರನ್ನ ತಪಾಸಣೆ ಮಾಡಿದ್ರು, ಒಂದು ಕೇಸೂ ಸಿಗಲಿಲ್ಲ. ನಮ್ಮ ಪುಣೆಯ ಮೊದಲ ಕೊರೊನಾ ಕೇಸ್ ನೆನಪಿದ್ಯಾ? ದುಬೈನಿಂದ ಬಂದ ದಂಪತಿ ಮುಂಬೈಯಲ್ಲಿ ಇಳಿದು ಟ್ಯಾಕ್ಸಿ ಮಾಡ್ಕೊಂಡು ಪುಣೆಗೆ ಬಂದ್ರು, 2020ರ ಮಾರ್ಚ್ 9ಕ್ಕೆ ಪಾಸಿಟಿವ್, ಮಾರನೇ ದಿನ ಅವರ ಮಗಳು, ಜೊತೆ ಪ್ರಯಾಣಿಕರೊಬ್ರು, ಆಮೇಲೆ ಆ ಟ್ಯಾಕ್ಸಿ ಡ್ರೈವರ್. ನಂಗೆ ಆಗ್ಲೂ ಈಗ್ಲೂ ಬೇಜಾರಾಗೋದು ಆ ಡ್ರೈವರ್ ವಿಷ್ಯಕ್ಕೆ. ಎಕ್ಸ್‌ಪ್ರೆಸ್‌ವೇಲಿ ಗಾಜು ಏರಿಸಿ ಎಸಿ ಹಾಕಿದ ಗಾಡೀಲಿ ಮೂರು ಗಂಟೆ ಕೂತಿದ್ದ, ಪಾಪ, ಅವನಿಗೆ ಮಾಸ್ಕ್ ಕೊಡೋರು ಯಾರು, ಅವನ ನಂಬರ್ ಬರ್ಕೊಳ್ಳೋರು ಯಾರು. ಏರ್ಪೋರ್ಟ್ ಸಿದ್ಧತೆ ಅಂದ್ರೆ ವೀಲ್‌ಚೇರ್ ಹುಡುಗ್ರು, ಟಾಯ್ಲೆಟ್ ತೊಳೆಯೋ ಅಕ್ಕಂದಿರು, ಹೊರಗಿನ ಟ್ಯಾಕ್ಸಿಯವರು ಎಲ್ಲಾ ಲಿಸ್ಟಲ್ಲಿ ಇರ್ಬೇಕು. ಮಾಕ್ ಡ್ರಿಲ್‌ಗೂ ಇವರನ್ನ ಕರೀಲೇಬೇಕು. ಮತ್ತೆ ಪ್ರಯಾಣಿಕರ ವಿವರದ ಫಾರ್ಮ್ ಕೊಟ್ರೆ ದಯವಿಟ್ಟು ಎಲ್ರೂ ಅದ್ರಲ್ಲಿ ಸರಿಯಾದ ಫೋನ್ ನಂಬರ್ ಬರೀರಿ, ಸೀಟ್ ನಂಬರ್ ಹಿಡಿದು ಅಕ್ಕಪಕ್ಕದ ಸಾಲಿನವರನ್ನ ಹುಡುಕೋದು ಅದರ ಮೇಲೇನೇ.

ವಾಸ್ಕೋ ಗದಗ:
ರಸ್ತೆ ಗಡಿ ಬಗ್ಗೆನೂ ಒಂದ್ ಮಾತ್ರಿ. 2021ರಾಗ ಗೋವಾಕ್ಕ ಬರೂಮುಂದ 72 ತಾಸಿನ ಒಳಗಿನ ನೆಗೆಟಿವ್ ರಿಪೋರ್ಟ್ ಕೇಳ್ತಿದ್ರು, ನಮ್ಮ ಕೂಲಿ ಮಂದಿ ತುಂಬಿದ ಬಸ್ಸು ಒಂದ್ ಚೆಕ್‌ಪೋಸ್ಟಿನಾಗ ನಾಕ್ ತಾಸು ನಿಂತಿತ್ತು. ಕುಡ್ಯಾಕ ನೀರಿಲ್ಲ, ಹೆಣ್ಮಕ್ಕಳು ಕತ್ತಲಾಗೂ ತನಕ ತಡಕೊಂಡು ಕುಂತ್ರು, ರಿಪೋರ್ಟ್ ಇದ್ದೋರು ಇಲ್ಲದೋರು ಒಂದ ನೆರಳಿನ್ಯಾಗ ಮೈಗೆ ಮೈ ಹಚ್ಚಿ. ಮಾಮ ಹೇಳಿದ ನಿಯಮಾವಳಿ ದೇಶದ ಗಡಿಗೆ, ರಾಜ್ಯದ ಗಡಿಗೆ ಅಲ್ಲ ಅನ್ನೋದು ಗೊತ್ತೈತಿ, ಆದ್ರೂ ನೀರು, ಸಂಡಾಸು, ನೆರಳು ಮೂರಾದ್ರೂ ಮೊದ್ಲ ಮಾಡಿ ಆಮ್ಯಾಲ ಬ್ಯಾರಿಕೇಡ್ ಹಾಕ್ರಿ.

ಮತ್ತ ಮಂಗನ ಕಾಯಿಲೆ ನೋಡ್ರಿ, 1957ರಾಗ ಶಿವಮೊಗ್ಗದ ಕ್ಯಾಸನೂರು ಕಾಡಿನ್ಯಾಗ ಕಂಡಿದ್ದು ಈಗ ಗೋವಾದ ಸತ್ತರಿ, ಮಹಾರಾಷ್ಟ್ರದ ದೋಡಾಮಾರ್ಗ ತನಕ ಬಂದೈತಿ. ಕಾಡಿನ ಉಣ್ಣಿ ಹುಳ ಕಡಿದ್ರ ಬರೋ ಜ್ವರ ಅದು, ಗೋಡಂಬಿ ತೋಟಕ್ಕ ಕೆಲಸಕ್ಕ ಹೋಗೋರಿಗೆ ಹತ್ತತೈತಿ. ಚೆಕ್‌ಪೋಸ್ಟಿನಾಗ ಹಣಿಗೆ ಜ್ವರ ನೋಡೋ ಗನ್ ಹಿಡಿದ್ರ ಅದು ನಿಂದ್ರಂಗಿಲ್ಲ. ಮೂರೂ ರಾಜ್ಯದ ಡಾಕ್ಟರ್‌ಗಳು ಒಬ್ರಿಗೊಬ್ರು ಅವತ್ತಿಂದವತ್ತ ಫೋನ್ ಮಾಡಿ ಎಲ್ಲಿ ಮಂಗ ಸತ್ತಾವು, ಯಾವ ತೋಟದ ಆಳಿಗೆ ಜ್ವರ ಬಂತು ಹೇಳ್ಕೋಬೇಕು.

ಬಾದಾಮಿ ಹುಡುಗ:
ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರೀ. ಇವತ್ತ ಡ್ಯೂಟಿಗೆ ಹೋದಾಗ ಸೂಪರ್‌ವೈಸರ್ ಹತ್ರ ಕೇಳಿ ಹೆಲ್ತ್ ಕೌಂಟರ್ ಎಕ್ಸ್‌ಟೆನ್ಷನ್ ನಂಬರ್ ತಗೊಂಡೆ, ಐಡಿ ಕಾರ್ಡ್ ಹಿಂದ ಪೆನ್ನಿಲೆ ಬರ್ದು ಟೇಪ್ ಹಚ್ಚೀನಿ, ಉಳಿದ ಹುಡುಗ್ರಿಗೂ ಬರ್ಕೊಟ್ಟೆ. ಮಾಸ್ಕ್ ಡಬ್ಬಿ ಒಂದು ಕುರ್ಚಿ ನಿಲ್ಸೋ ಕಡೆ ಇಡ್ರಿ ಅಂತನೂ ಕೇಳೀನಿ, ನೋಡೂಣು ಅಂದಾರ. ನನಗ ಇಲ್ಲಿ ತನಕ ಜ್ವರ ಬಂದಿಲ್ಲ, ರೂಮಿನ್ಯಾಗ ಯಾರಿಗೂ ಬಂದಿಲ್ಲ. ಆ ಅಜ್ಜಿ ಹೆಂಗದಾರೋ ಏನೋ, ಟ್ಯಾಕ್ಸಿ ಹತ್ತೂಮುಂದ ನನ್ನ ತಲಿ ಮ್ಯಾಲೆ ಕೈ ಇಟ್ಟಿದ್ರು.